ಡಿಜಿಟಲ್ ಇಂಡಿಯಾ ನಮ್ಮ ಶಾಲೆಗೂ ಮನೆಗೂ ಬಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಪೋಷಕರು ನನ್ನನ್ನು ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಡಿಜಿಟಲ್ ಇಂಡಿಯಾ ಅಂದರೆ ಏನು? ಯಾವಾಗ ಶುರುವಾಯಿತು?

ಕೇಂದ್ರ ಸರ್ಕಾರ 2015ರ ಜುಲೈ 1ರಂದು ಶುರು ಮಾಡಿದ ಕಾರ್ಯಕ್ರಮ. ಹಳ್ಳಿಗಳಿಗೆ ಇಂಟರ್ನೆಟ್ ತಲುಪಿಸುವುದು, ಸರ್ಕಾರಿ ಸೇವೆಗಳನ್ನು ಆನ್‌ಲೈನ್ ಮಾಡುವುದು, ಜನರಿಗೆ ಅದನ್ನು ಬಳಸಲು ಕಲಿಸುವುದು, ಇವು ಮೂರು ಅದರ ಮುಖ್ಯ ಗುರಿಗಳು.

ಆದರೆ ಕರ್ನಾಟಕದವರಿಗೆ ಇದು ಪೂರ್ತಿ ಹೊಸದೇನಲ್ಲ. 2000ದ ಆಸುಪಾಸಿನಲ್ಲೇ ಭೂಮಿ ಯೋಜನೆ ಬಂದು, ಸುಮಾರು 2 ಕೋಟಿ ಜಮೀನು ದಾಖಲೆಗಳು ಕಂಪ್ಯೂಟರ್ ಸೇರಿದ್ದವು. ಅದಕ್ಕೂ ಮುಂಚೆ ಪಹಣಿ ಕೈಬರಹದಲ್ಲಿರುತ್ತಿತ್ತು. ಅದಕ್ಕಾಗಿ ಗ್ರಾಮ ಲೆಕ್ಕಿಗರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ನಮ್ಮಪ್ಪ ಎಷ್ಟು ಸಲ ಅಲೆದಿದ್ದಾರೋ ಲೆಕ್ಕವಿಲ್ಲ. ಈಗ ಅದೇ ಪಹಣಿ ಕೆಲವೇ ನಿಮಿಷದಲ್ಲಿ ಕೈಗೆ ಬರುತ್ತದೆ. ಹಾಗಾಗಿ ಈ ಬದಲಾವಣೆಯನ್ನು ಬೇಡ ಅನ್ನುವವಳು ನಾನಲ್ಲ.

ಶಾಲೆಯಲ್ಲಿ ನಿಜವಾಗಿ ಬದಲಾಗಿದ್ದು ಏನು? ಸ್ಮಾರ್ಟ್ ಕ್ಲಾಸ್?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಪಾಠ ಬದಲಾಗಿದ್ದು ಸ್ವಲ್ಪ, ದಾಖಲೆ ಬದಲಾಗಿದ್ದು ಜಾಸ್ತಿ.

ಮೊದಲು ಮಗುವಿನ ಬಗ್ಗೆ ಶಾಲೆಗೆ ಗೊತ್ತಿದ್ದದ್ದೆಲ್ಲ ದಾಖಲಾತಿ ರಿಜಿಸ್ಟರಿನಲ್ಲಿ ಇರುತ್ತಿತ್ತು. ಆ ರಿಜಿಸ್ಟರ್ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಇರುತ್ತಿತ್ತು. ಈಗ ರಾಜ್ಯದ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ನಂಬರ್ ಇದೆ. ಶಾಲೆಗಳ ಲೆಕ್ಕ ಇಡುವ ಕೇಂದ್ರದ ಯುಡೈಸ್ ಪ್ಲಸ್‌ನಲ್ಲಿ 2022–23ರಿಂದ ಮಕ್ಕಳ ವಿವರ ಒಬ್ಬೊಬ್ಬರದಾಗಿ ಹೋಗುತ್ತಿದೆ. ಅದರ ಮೇಲೆ ಅಪಾರ್ ಅನ್ನುವ ವಿದ್ಯಾರ್ಥಿ ಗುರುತಿನ ಸಂಖ್ಯೆ. ವರ್ಗಾವಣೆ ಪತ್ರ, ವಿದ್ಯಾರ್ಥಿವೇತನ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ನೋಂದಣಿ, ಎಲ್ಲವೂ ಈ ದಾಖಲೆಗಳಿಗೆ ಅಂಟಿಕೊಂಡಿವೆ.

ಇದರಿಂದ ಒಳ್ಳೆಯದೂ ಆಗಿದೆ. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ಅಂತ ವಲಸೆ ಹೋಗುವ ಕುಟುಂಬದ ಮಗು ಬೇರೆ ತಾಲ್ಲೂಕಿನ ಶಾಲೆಗೆ ಸೇರಿದರೆ, ಹಳೇ ಶಾಲೆಯಲ್ಲಿ ಯಾವ ತರಗತಿಯವರೆಗೆ ಓದಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ. ಮಗು ಮಧ್ಯದಲ್ಲಿ ಎಲ್ಲಿ ಶಾಲೆ ಬಿಟ್ಟಿತು ಅಂತಲೂ ಕಾಣುತ್ತದೆ.

ಅದೇ ದಾಖಲೆಯಲ್ಲಿ ಒಂದು ಅಕ್ಷರ ತಪ್ಪಿದ್ದರೆ ಮಾತ್ರ ಕಥೆಯೇ ಬೇರೆ.

ನಮ್ಮ ಮಗಳಿಗೆ ಸ್ಕಾಲರ್‌ಶಿಪ್ ಬಂದಿಲ್ಲ. ಅದೇ ತರಗತಿಯ ಬೇರೆ ಮಕ್ಕಳಿಗೆ ಬಂದಿದೆ. ಯಾಕೆ?

ಈ ಪ್ರಶ್ನೆ ಬಂದಾಗ ನಾನು ಮೊದಲು ನೋಡುವುದು ಹೆಸರನ್ನ. ಎರಡು ವರ್ಷದ ಹಿಂದೆ ಆರನೇ ತರಗತಿಯ ಒಬ್ಬ ಹುಡುಗಿಯ ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದ ತುಂಬಿಕೊಂಡು ಬಂದಿದ್ದರು. ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದೆವು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಕೊನೆಗೆ ಇಂಗ್ಲಿಷಿನ ಒಂದು 'ಐ'. ಆಧಾರ್‌ನಲ್ಲಿ ಎರಡು 'ಇ'. ಶಾಲೆಯ ದಾಖಲೆಯಲ್ಲಿ ಹೆಸರಿನ ಮುಂದೆ ಊರಿನ ಇನಿಶಿಯಲ್. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಶಿಯಲ್ ಹಿಂದೆ ಹೋಗಿ, ಅಪ್ಪನ ಹೆಸರು ಪೂರ್ತಿಯಾಗಿ ಬಂದಿತ್ತು. ನಮ್ಮ ಕಣ್ಣಿಗೆ ನಾಲ್ಕೂ ಅದೇ ಹುಡುಗಿ. ಕಂಪ್ಯೂಟರಿಗೆ ನಾಲ್ವರು ಬೇರೆ ಬೇರೆ ಮಕ್ಕಳು. ಆ ಅಮ್ಮ ತಿದ್ದುಪಡಿಗಾಗಿ ಐದು ದಿನದ ಕೂಲಿ ಬಿಟ್ಟರು. ಆ ತಪ್ಪನ್ನು ಟೈಪ್ ಮಾಡಿದವರು ಯಾರೋ, ಅನುಭವಿಸಿದವರು ಇವರು. ಅದು ನನಗೆ ಇವತ್ತಿಗೂ ಸಂಕಟ.

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದು ಸಲ ಮಾತ್ರ ಬದಲಿಸಲು ಅವಕಾಶ. ಆದ್ದರಿಂದ ಅವಸರಕ್ಕೆ ಯಾವುದನ್ನೋ ತಿದ್ದಬೇಡಿ. ಮೊದಲು ಜನನ ಪ್ರಮಾಣಪತ್ರ ಸರಿ ಇದೆಯಾ ನೋಡಿ. ಅದಕ್ಕೆ ತಕ್ಕಂತೆ ಆಧಾರ್, ಆಮೇಲೆ ಶಾಲೆಯ ದಾಖಲೆ, ಕೊನೆಗೆ ಬ್ಯಾಂಕ್. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ವಯಸ್ಸಿಗೆ ಜನನ ಪ್ರಮಾಣಪತ್ರವೇ ಪುರಾವೆ. ಇದೆಲ್ಲ ಆರು, ಏಳನೇ ತರಗತಿಯೊಳಗೆ ಮುಗಿದರೆ ಒಳ್ಳೆಯದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುವುದು ತುಂಬಾ ತ್ರಾಸ.

ಹೆಸರೆಲ್ಲ ಸರಿ ಇದೆ. ಬ್ಯಾಂಕಿಗೆ ಆಧಾರ್ ಕೂಡ ಕೊಟ್ಟಿದ್ದೇವೆ. ಆದರೂ ದುಡ್ಡು ಬಂದಿಲ್ಲವಲ್ಲ?

ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಡುವುದು ಒಂದು, ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಸಂಸ್ಥೆ) ಮ್ಯಾಪಿಂಗ್ ಇನ್ನೊಂದು. ಸರ್ಕಾರದ ಹಣ ಆಧಾರ್ ನಂಬರಿಗೆ ಬರುತ್ತದೆ. ಆ ನಂಬರ್ ಯಾವ ಬ್ಯಾಂಕಿಗೆ ಸೇರಿದ್ದು ಅಂತ ಎನ್‌ಪಿಸಿಐ ಪಟ್ಟಿಯಲ್ಲಿ ಇರುತ್ತದೋ ಆ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಒಂದು ಆಧಾರ್ ಒಂದು ಸಮಯಕ್ಕೆ ಒಂದೇ ಬ್ಯಾಂಕಿಗೆ ಮ್ಯಾಪ್ ಆಗಿರುತ್ತದೆ. ಮೂರು ಖಾತೆ ಇದ್ದರೆ ದುಡ್ಡು ನೀವು ಮರೆತೇ ಹೋದ ಖಾತೆಯಲ್ಲಿ ಬಿದ್ದಿರಬಹುದು. ನಮ್ಮ ಶಾಲೆಯಲ್ಲೇ ಹೀಗೆ ಎರಡು ಮಕ್ಕಳ ಹಣ ಸಿಕ್ಕಿದೆ.

ಬ್ಯಾಂಕಿಗೆ ಹೋದಾಗ 'ಆಧಾರ್ ಲಿಂಕ್ ಆಗಿದೆಯಾ' ಅಂತ ಕೇಳಬೇಡಿ. 'ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ' ಅಂತಲೇ ಕೇಳಿ. ಡಿಬಿಟಿ ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು. ಕರ್ನಾಟಕ ಸರ್ಕಾರದ ಡಿಬಿಟಿ ಆ್ಯಪ್‌ನಲ್ಲಿ ಹಣ ಯಾವ ಖಾತೆಗೆ ಹೋಗಿದೆ ಅಂತ ನೀವೇ ನೋಡಿಕೊಳ್ಳಬಹುದು. ಗೃಹಲಕ್ಷ್ಮಿಯ 2000 ರೂಪಾಯಿ ಬರದಿದ್ದಾಗಲೂ ಇದನ್ನೇ ಮೊದಲು ನೋಡಿ.

ಆಧಾರ್ ಇಲ್ಲ ಅಂತ ಮಗುವಿಗೆ ಅಡ್ಮಿಷನ್ ಕೊಡದೇ ಇರಬಹುದಾ?

ಇಲ್ಲ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ. ಶಿಕ್ಷಣ ಮಗುವಿನ ಹಕ್ಕು. ಯಾರಾದರೂ ವಾಪಸ್ ಕಳಿಸಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ದೂರು ಕೊಡಿ.

ಒಂದು ವಿಷಯ ಮಾತ್ರ ಮರೆಯಬೇಡಿ. ಐದು ವರ್ಷದೊಳಗೆ ಮಾಡಿಸಿದ ಬಾಲ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ. ಐದು ತುಂಬಿದ ಮೇಲೆ ಒಮ್ಮೆ, ಹದಿನೈದು ತುಂಬಿದ ಮೇಲೆ ಇನ್ನೊಮ್ಮೆ ಬೆರಳಚ್ಚು, ಕಣ್ಣಿನ ಗುರುತು ಕೊಡಬೇಕು. 5ರಿಂದ 7 ಮತ್ತು 15ರಿಂದ 17ರ ವಯಸ್ಸಿನಲ್ಲಿ ಇದು ಉಚಿತ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅಪಾರ್ ಅರ್ಜಿಗೆ ಸಹಿ ಮಾಡಿ ಅಂತ ಶಾಲೆಯಿಂದ ಕಳಿಸಿದ್ದಾರೆ. ಮಾಡಬೇಕಾ?

ಅಪಾರ್ 12 ಅಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಹಿನ್ನೆಲೆಯಲ್ಲಿ ಬಂದಿದ್ದು. ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಒಂದೇ ಕಡೆ ಸೇರಿಸಿ ಡಿಜಿಲಾಕರ್ (ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಇಡುವ ಸರ್ಕಾರಿ ಆ್ಯಪ್) ಮೂಲಕ ಕೊಡುವುದು ಉದ್ದೇಶ. ಮಗುವಿನ ಆಧಾರ್ ವಿವರ ಬಳಸುವುದರಿಂದ ಪೋಷಕರ ಒಪ್ಪಿಗೆ ಕೇಳುತ್ತಾರೆ. ಒಪ್ಪಿಗೆ ಅಂದಮೇಲೆ ಬೇಡ ಅನ್ನುವ ಹಕ್ಕೂ ಇದೆ, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂ ಬಹುದು. ಗುರಿ ಮುಟ್ಟಿಸಿ ಅಂತ ಮೇಲಿನಿಂದ ಒತ್ತಡ ಬಂದಾಗ ಕೆಲವು ಶಿಕ್ಷಕರು 'ಸುಮ್ನೆ ಸಹಿ ಮಾಡಿ' ಅಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಓದಿ, ಓದಿಸಿ ಕೇಳಿ, ಆಮೇಲೆ ತೀರ್ಮಾನ ಮಾಡಿ.

ಪಠ್ಯಪುಸ್ತಕದಲ್ಲಿರುವ ಚೌಕದ ಚಿತ್ರ ಏನು? ಅದರಿಂದ ಪ್ರಯೋಜನ ಇದೆಯಾ?

ಅದು ಕ್ಯೂಆರ್ ಕೋಡ್. ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸಗಳು ಸಿಗುತ್ತವೆ. ದೀಕ್ಷಾ ಶುರುವಾಗಿದ್ದು 2017ರ ಶಿಕ್ಷಕರ ದಿನ, ಸೆಪ್ಟೆಂಬರ್ 5ರಂದು.

ಪ್ರಯೋಜನ ಪಾಠದ ಮೇಲೆ ಹೋಗುತ್ತದೆ. ಹೃದಯದ ಕವಾಟಗಳು ಹೇಗೆ ತೆರೆದು ಮುಚ್ಚುತ್ತವೆ ಅಂತ ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹೇಳಿದ್ದೇನೆ. ಮಕ್ಕಳು ತಲೆ ಆಡಿಸುತ್ತಿದ್ದರು ಅಷ್ಟೇ. ಮೊದಲ ಸಲ ವಿಡಿಯೊ ಹಾಕಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ 'ಮಿಸ್, ಇನ್ನೊಂದ್ ಸಲ' ಅಂದ. ಮೂರು ಸಲ ಹಾಕಿಸಿದ. ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, 'ಲಬ್ ಅಂದಾಗ ಯಾವ ಬಾಗಿಲು ಮುಚ್ಚುತ್ತೆ, ಡಬ್ ಅಂದಾಗ ಯಾವ್ದು?' ಅಂತ ಕೇಳಿದ. ಅಂಥ ಪ್ರಶ್ನೆ ನನ್ನ ಬಾಣದ ಗುರುತುಗಳಿಂದ ಎಂದೂ ಹುಟ್ಟಿರಲಿಲ್ಲ.

ಆದರೆ ಭಾಗಾಕಾರ, ಒತ್ತಕ್ಷರ, ಸ್ವಂತ ವಾಕ್ಯದ ಬರವಣಿಗೆ ಪರದೆಯಿಂದ ಬರುವುದಿಲ್ಲ. ಅದಕ್ಕೆ ಮಗುವಿನ ಪಕ್ಕದಲ್ಲಿ ಕೂತು ತಪ್ಪು ನೋಡುವವರು ಬೇಕು. ಚಲಿಸುವ ವಿಷಯಕ್ಕೆ ವಿಡಿಯೊ, ಕೈಗೆ ಬರಬೇಕಾದ ವಿಷಯಕ್ಕೆ ಸ್ಲೇಟು. ನಾನು ಹೀಗೆ ಮಾಡಿಕೊಂಡಿದ್ದೇನೆ.

ಎಲ್ಲ ಶಾಲೆಗಳಲ್ಲೂ ಕಂಪ್ಯೂಟರ್ ಇದೆಯಾ?

ಇಲ್ಲ. ಯುಡೈಸ್ ಪ್ಲಸ್ ಲೆಕ್ಕದ ಪ್ರಕಾರ 2024–25ರಲ್ಲಿ ದೇಶದ ಶೇ 64.7ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್, ಶೇ 63.5ರಷ್ಟು ಶಾಲೆಗಳಲ್ಲಿ ಇಂಟರ್ನೆಟ್ ಇತ್ತು. ಹಿಂದಿನ ವರ್ಷ ಇದು ಶೇ 57.2 ಮತ್ತು ಶೇ 53.9. ಒಂದೇ ವರ್ಷದಲ್ಲಿ ಒಳ್ಳೆಯ ಏರಿಕೆಯೇ. ಆದರೂ ಮೂರರಲ್ಲಿ ಒಂದು ಶಾಲೆ ಹೊರಗೇ ಉಳಿದಿದೆ. ಕಂಪ್ಯೂಟರ್ ಬಂದ ಶಾಲೆಯಲ್ಲೂ ಯುಪಿಎಸ್ ಬ್ಯಾಟರಿ ಸತ್ತರೆ ಬದಲಿಸಲು ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ನೀವು ಕೇಳಬೇಕು. 'ಕಂಪ್ಯೂಟರ್ ಇದೆಯಾ' ಅಂತ ಕೇಳಿದರೆ ಸಾಲದು. 'ಈ ವಾರ ನನ್ನ ಮಗ ಅದನ್ನು ಎಷ್ಟು ಹೊತ್ತು ಮುಟ್ಟಿದ' ಅಂತ ಕೇಳಿ.

ಮಗುವಿಗೆ ಫೋನ್ ಕೊಡಬೇಕಾ, ಬೇಡವಾ?

ಎಲ್ಲರಿಗಿಂತ ಜಾಸ್ತಿ ಅಮ್ಮಂದಿರು ಕೇಳುವ ಪ್ರಶ್ನೆ ಇದು.

ಗ್ರಾಮೀಣ ಮಕ್ಕಳ ಬಗ್ಗೆ ನಡೆದ 2024ರ ಅಸರ್ ಸಮೀಕ್ಷೆಯಲ್ಲಿ 14ರಿಂದ 16 ವರ್ಷದ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ನಮ್ಮ ತರಗತಿಯಲ್ಲೂ ಚಿತ್ರ ಹೀಗೇ ಇದೆ. ಬೆಳಿಗ್ಗೆ ಮೊದಲ ಪಿರಿಯಡ್‌ನಲ್ಲಿ ಯಾರ ಕಣ್ಣು ಕೆಂಪಾಗಿದೆ ಅಂತ ನೋಡಿದರೆ, ರಾತ್ರಿ ಯಾರು ರೀಲ್ಸ್ ನೋಡಿದರು ಅಂತ ನಮಗೆ ಗೊತ್ತಾಗುತ್ತದೆ.

ಪ್ರಾಥಮಿಕ ಶಾಲೆಯ ಮಗುವಿಗೆ ಸ್ವಂತ ಫೋನ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮನೆಯ ಫೋನ್ ಸಾಕು. ಅಡುಗೆಮನೆಯಲ್ಲೋ ಹಾಲ್‌ನಲ್ಲೋ, ನಿಮ್ಮ ಕಣ್ಣಿಗೆ ಕಾಣುವಂತೆ ಬಳಸಲಿ. ಮಲಗುವಾಗ ಫೋನ್ ದೊಡ್ಡವರ ಹತ್ತಿರ ಇರಲಿ. ಹುಡುಗನ ಕೈಗೆ ಫೋನ್ ಕೊಟ್ಟು ಹುಡುಗಿಗೆ ಬೇಡ ಅನ್ನಬೇಡಿ. ಕಲಿಯಬೇಕಾದದ್ದು ಇಬ್ಬರೂ.

ನಮ್ಮ ಕಡೆಯಿಂದಲೂ ಒಂದು ತಪ್ಪಾಗಿತ್ತು. ಹೋಂವರ್ಕನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಿದ್ದೆವು. ಅಪ್ಪ ಫೋನ್ ತೆಗೆದುಕೊಂಡು ಕೆಲಸಕ್ಕೆ ಹೋದರೆ ರಾತ್ರಿ ಎಂಟಕ್ಕೆ ಮನೆಗೆ ಬರುವುದು. ಅಷ್ಟರಲ್ಲಿ ಮಗುವಿಗೆ ನಿದ್ದೆ. ಮರುದಿನ ಆ ಮಗು ತಲೆ ತಗ್ಗಿಸಿ ನಿಲ್ಲುತ್ತಿತ್ತು. ಈಗ ಹೋಂವರ್ಕ್ ಬೋರ್ಡಿನ ಮೇಲೆ ಬರೆಯುತ್ತೇವೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ.

ಕೊರೊನಾ ಕಾಲದಲ್ಲಿ ಎಲ್ಲ ಆನ್‌ಲೈನ್ ಆಗಿತ್ತಲ್ಲ, ಅದನ್ನೇ ಮುಂದುವರಿಸಬಹುದಿತ್ತಲ್ವಾ?

ಎಲ್ಲರಿಗೂ ಆಗಿರಲಿಲ್ಲ. 2020ರಲ್ಲಿ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಬಂದವು. ವಿದ್ಯಾಗಮದಲ್ಲಿ ನಾವೇ ಮಕ್ಕಳಿದ್ದ ಕಡೆ ಹೋಗಿ ದೇವಸ್ಥಾನದ ಪೌಳಿಯಲ್ಲಿ, ಅರಳಿಕಟ್ಟೆಯಲ್ಲಿ ಪಾಠ ಮಾಡಿದೆವು. ಫೋನ್ ಇಲ್ಲದ ಮಕ್ಕಳಿಗೆ ಸಿಕ್ಕಿದ್ದು ಅಷ್ಟೇ.

ಶಾಲೆ ಮತ್ತೆ ತೆರೆದಾಗ ನಾಲ್ಕನೇ ತರಗತಿಗೆ ಬಂದ ಹುಡುಗನೊಬ್ಬನಿಗೆ 'ಅಕ್ಕ' ಬರೆಯಲು ಹೇಳಿದೆ. 'ಅಕ' ಅಂತ ಬರೆದು ಪೆನ್ಸಿಲ್ ಹಿಡಿದುಕೊಂಡೇ ಕೂತ. ಏನೋ ಒಂದು ಕೆಳಗೆ ಬರಬೇಕು ಅಂತ ಗೊತ್ತಿತ್ತು, ಏನು ಅಂತ ಮರೆತಿತ್ತು. ಅವನನ್ನು ನೆನೆದರೆ ಶಾಲೆಯನ್ನು ಪೂರ್ತಿ ಆನ್‌ಲೈನ್ ಮಾಡುವ ಮಾತಿಗೆ ನಾನು ಒಪ್ಪಲಾರೆ.

ಶಿಕ್ಷಕರು ಯಾವಾಗಲೂ ಮೊಬೈಲ್ ನೋಡುತ್ತಿರುತ್ತಾರೆ. ಪಾಠ ಯಾವಾಗ ಮಾಡುತ್ತಾರೆ?

ನಿಮ್ಮ ಸಿಟ್ಟು ನ್ಯಾಯವಾದದ್ದು. ನಮ್ಮದೂ ಅದೇ ಸಿಟ್ಟು. ಹಾಜರಾತಿ, ಬಿಸಿಯೂಟದ ಲೆಕ್ಕ, ಪರೀಕ್ಷೆಯ ಅಂಕ, ತರಬೇತಿಯ ಕೋರ್ಸು, ಎಲ್ಲವನ್ನೂ ಅಪ್‌ಲೋಡ್ ಮಾಡಬೇಕು. 'ಇವತ್ತು ಸಂಜೆಯೊಳಗೆ' ಅಂತ ಗ್ರೂಪಿಗೆ ಸಂದೇಶ ಬರುತ್ತದೆ. ಅದೇ ಹೊತ್ತಿಗೆ ಸರ್ವರ್ ಡೌನ್. ಎಷ್ಟೋ ಚಿಕ್ಕ ಶಾಲೆಗಳಲ್ಲಿ ಗುಮಾಸ್ತರೇ ಇಲ್ಲ. ಇಬ್ಬರೇ ಶಿಕ್ಷಕರಿರುವ ಕಡೆ ಒಬ್ಬರು ಅಪ್‌ಲೋಡಿಗೆ ಕೂತರೆ ಇನ್ನೊಬ್ಬರು ಐದು ತರಗತಿ ನೋಡಬೇಕು. ಕ್ಲಸ್ಟರಿಗೊಬ್ಬ ಡೇಟಾ ಎಂಟ್ರಿ ಆಪರೇಟರ್ ಕೊಡಿ ಅನ್ನುವ ಬೇಡಿಕೆಯನ್ನು ಪೋಷಕರೂ ನಮ್ಮ ಜೊತೆ ಕೇಳಿದರೆ ಅದಕ್ಕೆ ಬಲ ಬರುತ್ತದೆ.

ಕಂಪ್ಯೂಟರ್ ಅಂದರೆ ಇಂಗ್ಲಿಷೇ ಬೇಕಲ್ವಾ?

ಬೇಡ. ಕನ್ನಡದಲ್ಲಿ ಟೈಪ್ ಮಾಡುವುದಕ್ಕೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇದೆ. ಅದನ್ನು ಬಳಸುವ ನುಡಿ ತಂತ್ರಾಂಶವನ್ನು ಕನ್ನಡ ಗಣಕ ಪರಿಷತ್ತು ಕೊಟ್ಟಿದೆ. 2022ರಲ್ಲಿ ಕೇಂದ್ರ ಸರ್ಕಾರ ಭಾಷಿಣಿ ಶುರು ಮಾಡಿದೆ. ಭಾರತೀಯ ಭಾಷೆಗಳ ನಡುವೆ ಅನುವಾದ, ಮಾತನ್ನು ಬರಹ ಮಾಡುವ ಕೆಲಸ ಅದರದ್ದು. ನಮ್ಮ ಏಳನೇ ತರಗತಿ ಮಕ್ಕಳು ಮೊದಲು ಟೈಪ್ ಮಾಡುವುದು ತಮ್ಮ ಹೆಸರು, ಊರು, ಅಮ್ಮನ ಹೆಸರು. ಎಲ್ಲ ಕನ್ನಡದಲ್ಲಿ. ಪರದೆಯ ಮೇಲೆ ಅಮ್ಮನ ಹೆಸರು ಮೂಡಿದಾಗ ಆ ಮುಖಗಳನ್ನು ನೋಡಬೇಕು. ಹೆದರಿಕೆ ಅಲ್ಲಿಗೇ ಹೋಗುತ್ತದೆ.

ರೇಷನ್ ಅಂಗಡಿಯಲ್ಲಿ ಅಜ್ಜಿಯ ಬೆರಳು ಹಿಡಿಯುತ್ತಿಲ್ಲ. ಏನು ಮಾಡುವುದು?

ನಮ್ಮಲ್ಲಿ 'ಹೆಬ್ಬೆಟ್ಟು' ಅಂದರೆ ಓದು ಬಾರದವರು ಅಂತ ಅರ್ಥ ಇತ್ತು. ಈಗ ಓದಿದವರೂ ಹೆಬ್ಬೆಟ್ಟು ಒತ್ತಬೇಕು. ಆದರೆ ಸಿಮೆಂಟ್ ಕಲಸಿದ, ಅಡಿಕೆ ಸುಲಿದ, ವರ್ಷಗಟ್ಟಲೆ ಪಾತ್ರೆ ತಿಕ್ಕಿದ ಬೆರಳುಗಳ ಗೆರೆ ಸವೆದಿರುತ್ತದೆ. ಯಂತ್ರಕ್ಕೆ ಅದು ಓದಲು ಬರುವುದಿಲ್ಲ. ಅಜ್ಜಿಯ ತಪ್ಪು ಏನೂ ಇಲ್ಲ.

ಕೈ ತೊಳೆದು ಒರೆಸಿ ಬೇರೆ ಬೆರಳು ಇಟ್ಟು ನೋಡಿ. ಕಣ್ಣಿನ ಗುರುತಿನಿಂದಲೋ ಒಟಿಪಿಯಿಂದಲೋ ಆಗುತ್ತದಾ ಅಂತ ಕೇಳಿ. ಒಟಿಪಿ ಬರಬೇಕಾದರೆ ಆಧಾರ್‌ನಲ್ಲಿ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಇರಬೇಕು. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸುವುದೂ ಒಂದು ದಾರಿ. 'ಥಂಬ್ ಬಂದಿಲ್ಲ, ನಾಳೆ ಬನ್ನಿ' ಅಂತ ಮೂರು ಸಲ ಕಳಿಸಿದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೇಳಿ. ಅಕ್ಕಿ ಅವರ ಹಕ್ಕು.

ಫೋನ್‌ಪೇ, ಗೂಗಲ್ ಪೇ ಬಳಸಲು ಭಯ. ಮೋಸ ಹೋಗದಂತೆ ಹೇಗೆ?

ಈ ಆ್ಯಪ್‌ಗಳು ದುಡ್ಡು ಕಳಿಸಲು ಬಳಸುವ ಯುಪಿಐ ವ್ಯವಸ್ಥೆ ಬಂದಿದ್ದು 2016ರಲ್ಲಿ. 2025ರ ಆಗಸ್ಟ್ ತಿಂಗಳೊಂದರಲ್ಲೇ 2000 ಕೋಟಿಗೂ ಜಾಸ್ತಿ ಸಲ ದುಡ್ಡು ಅದರಲ್ಲಿ ಓಡಾಡಿದೆ. ಸಂತೆಯಲ್ಲಿ ಸೊಪ್ಪು ಮಾರುವವರ ಹತ್ತಿರವೂ ಕ್ಯೂಆರ್ ಇದೆ. ಕೀಪ್ಯಾಡ್ ಫೋನ್ ಇದ್ದವರಿಗೆ 2022ರಿಂದ ಯುಪಿಐ 123ಪೇ ಇದೆ. ಭಯಪಡಬೇಕಾಗಿಲ್ಲ, ಎಚ್ಚರ ಬೇಕು.

ದುಡ್ಡು ಕೊಡುವಾಗ ಮಾತ್ರ ಪಿನ್ ಹಾಕಬೇಕು. ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ. ಇದೊಂದನ್ನು ಮನೆಯವರೆಲ್ಲ ಬಾಯಿಪಾಠ ಮಾಡಿ. 'ನಿಮ್ಮ ಮಗನಿಗೆ ಸ್ಕಾಲರ್‌ಶಿಪ್ ಬಂದಿದೆ, ಒಟಿಪಿ ಹೇಳಿ' ಅಂತ ನಮ್ಮ ಶಾಲೆಯ ಒಬ್ಬ ಅಮ್ಮನಿಗೆ ಕರೆ ಬಂದಿತ್ತು. ಮಗುವಿನ ಹೆಸರನ್ನೂ ಹೇಳಿದ್ದರಿಂದ ನಂಬಿಬಿಟ್ಟರು. ಹೊಲಿಗೆ ಮಾಡಿ ಕೂಡಿಟ್ಟಿದ್ದ ದುಡ್ಡು ಹೋಯಿತು. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಆ ಎರಡು ದಿನವೇ ದುಬಾರಿಯಾಯಿತು. ಮೋಸ ಆಯಿತು ಅಂತ ಗೊತ್ತಾದ ಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದರೆ ಹಣ ತಡೆಹಿಡಿಯುವ ಅವಕಾಶ ಇರುತ್ತದೆ.

ಪೊಲೀಸ್ ವೇಷದಲ್ಲಿ ವಿಡಿಯೊ ಕಾಲ್ ಮಾಡಿ 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ' ಅಂತ ಹೆದರಿಸಿದರೆ ಫೋನ್ ಇಟ್ಟುಬಿಡಿ. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ.

ಅರ್ಜಿ ಹಾಕಲು ಸೈಬರ್ ಸೆಂಟರಿಗೇ ಹೋಗಬೇಕಾ?

ಗ್ರಾಮ ಒನ್, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ನಾಡಕಚೇರಿ ಇವೆ. ಎಲ್ಲಿಗೇ ಹೋದರೂ ಅರ್ಜಿಯಲ್ಲಿ ನಿಮ್ಮ ಮೊಬೈಲ್ ನಂಬರನ್ನೇ ಹಾಕಿಸಿ. ಅಂಗಡಿಯವರು ಬೇಗ ಮುಗಿಯಲಿ ಅಂತ ತಮ್ಮ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಪ್ರತಿ ಸಲ ಒಟಿಪಿಗೆ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ. ಪಾಸ್‌ವರ್ಡನ್ನು ಮಗುವಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಬೇಡಿ, ಮನೆಯ ಕಾಗದಪತ್ರದ ಜೊತೆ ಇಡಿ. ಡಿಜಿಲಾಕರ್‌ನಲ್ಲಿ ಬರುವ ಅಂಕಪಟ್ಟಿಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆ ಇದೆ.

ಮಕ್ಕಳ ಮಾಹಿತಿ ಇಷ್ಟೆಲ್ಲ ಕಡೆ ಹೋಗುತ್ತದಲ್ಲ, ಭಯ ಇಲ್ಲವಾ?

ಇದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾನೂನು ಅದರ ಕೆಲಸ ಮಾಡಲಿ. ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಮಗುವಿನ ಆಧಾರ್ ಫೋಟೊವನ್ನು ತರಗತಿಯ ಗ್ರೂಪಿಗೆ ಹಾಕಬೇಡಿ, ಶಾಲೆಗೆ ಬಂದು ತೋರಿಸಿ. ಮೊದಲ ಎಂಟು ಅಂಕಿ ಮುಚ್ಚಿರುವ ಆಧಾರ್ ಪ್ರತಿಯೂ ಡೌನ್‌ಲೋಡ್‌ಗೆ ಸಿಗುತ್ತದೆ, ಅದನ್ನು ಬಳಸಿ.

ನನಗೆ ಓದು ಬರುವುದಿಲ್ಲ. ಇದರಲ್ಲೆಲ್ಲ ಮಗುವಿಗೆ ಹೇಗೆ ಸಹಾಯ ಮಾಡಲಿ?

ಇವತ್ತು ರಾತ್ರಿ ಊಟ ಆದ ಮೇಲೆ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಮೂರನ್ನೂ ಒಂದು ಚಾಪೆಯ ಮೇಲೆ ಇಡಿ. ಮಗುವಿನ ಕೈಯಲ್ಲೇ ಒಂದೊಂದು ಅಕ್ಷರವನ್ನೂ ಜೋರಾಗಿ ಓದಿಸಿ. ಮೊದಲು ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಹುಟ್ಟಿದ ದಿನ. ಎಲ್ಲಾದರೂ ಬೇರೆ ಕೇಳಿಸಿದರೆ ಅಲ್ಲೊಂದು ಚೀಟಿ ಇಟ್ಟು, ಮೂರನ್ನೂ ಒಂದು ಕವರಿಗೆ ಹಾಕಿ. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ನಾನು ಸ್ಟಾಫ್ ರೂಮಿನಲ್ಲೇ ಇರುತ್ತೇನೆ. ತೆಗೆದುಕೊಂಡು ಬನ್ನಿ.